ಹಾಲೆಂದು ಎಣಿಸದ ಹಾಲು

ಉಮ್ಮಚಗಿ
೨೨ ಅಕ್ಟೋಬರ್ ೧೯೯೯

ಚಿ. ಸೌ. ವೇದಾಳಿಗೆ ನಿನ್ನ ಮಾವನ ಆಶೀರ್ವಾದ. ಆಶೀರ್ವಾದ ಮಾಡುವ ಯೋಗ್ಯತೆ ಈ ಕೈಗೆ ಉಳಿದಿದೆಯೋ ಇಲ್ಲವೋ, ಓದಿ ಮುಗಿಸಿದ ಮೇಲೆ ನೀನೇ ಹೇಳು.

ಮೊದಲು ನಿನ್ನ ಯೋಗಕ್ಷೇಮ. ನಿಲ್ಕುಂದಕ್ಕೆ ಹೋದ ಮೇಲೆ ಜ್ವರ ಮರುಕಳಿಸಲಿಲ್ಲವಷ್ಟೆ? ಊಟ ಸೇರುತ್ತಿದೆಯೇ? ತವರಿನಲ್ಲಾದರೂ ಕಣ್ಣು ತುಂಬ ನಿದ್ದೆ ಮಾಡುತ್ತೀಯಾ? ಮೊಮ್ಮಗ ಪ್ರಥಮನ ಹೊಟ್ಟೆ ಮೆತ್ತಗಿದೆಯೇ, ಇಲ್ಲಿದ್ದಾಗಿನ ಹಾಗೆ ಚಂಡೆಯಂತೆ ಬಿಗಿಯುವುದು ನಿಂತಿದೆಯೇ? ಕಾಲುಗಳನ್ನು ಎದೆಗೆ ಎಳೆದುಕೊಂಡು ಕಿರುಚುತ್ತಿದ್ದನಲ್ಲ, ಆ ಕೂಗು ನನ್ನ ಕಿವಿಯಿಂದ ಇನ್ನೂ ಇಳಿದಿಲ್ಲ. ಹೆಂಡತಿ ಮಗನನ್ನು ನೋಡಿಕೊಂಡು ಬಂದ ಕಿಶೋರ ಚಪ್ಪಲಿ ಬಿಡುವ ಮೊದಲೇ ಹೇಳಿದ: "ಅಪ್ಪಯ್ಯ, ಮಾಣಿ ಅಳ್ತಾ ಇಲ್ಲೆ. ಅದೇ ಸೋಯಾ ಪುಡಿ, ಅದೇ ಬಾಟ್ಲಿ. ಕೆನ್ನೆ ತುಂಬಿದ್ದು!" ನಿನ್ನ ಅತ್ತೆ ದೇವರ ಕಡೆ ತಿರುಗಿ ಕೈಮುಗಿದಳು. ನನಗೆ ಮುಗಿಯಲಾಗಲಿಲ್ಲ. ಅದೇ ಪುಡಿ, ಅದೇ ಬಾಟಲಿ! ಹಾಗಾದರೆ ನಮ್ಮ ಮನೆಯಲ್ಲಿ ಇದ್ದದ್ದು, ನಿಲ್ಕುಂದದಲ್ಲಿ ಇಲ್ಲದ್ದು ಯಾವುದು?

ಉತ್ತರ ಮರುದಿನ ಬೆಳಿಗ್ಗೆ ದೇವರ ಕೋಣೆಯಲ್ಲಿ ಸಿಕ್ಕಿತು. ಪೂಜೆ ಮುಗಿಸಿ, ಪಂಚಾಮೃತವನ್ನು ತೀರ್ಥದ ಚಮಚಕ್ಕೆ ತುಂಬಿ, ಎಡಗೈಯನ್ನು ತೊಡೆಯ ಮೇಲೆ ಚಾಚಿದೆ. ತೊಡೆ ಖಾಲಿ. ಅಲ್ಲಿ ಮಲಗುತ್ತಿದ್ದವನು ನಿನ್ನ ಮಗ. ನೀನು ಸ್ನಾನಕ್ಕೆ ಹೋದ ಹೊತ್ತಿನಲ್ಲಿ ದಿನವೂ ಅವನನ್ನು ಎತ್ತಿ ತಂದು, ಮಂತ್ರ ಹೇಳಿ, ತುಟಿಗೆ ಆ ಚಮಚ ಮುಟ್ಟಿಸುತ್ತಿದ್ದವನು ನಾನು. ಅವನು ಚಪ್ಪರಿಸುತ್ತಿದ್ದ. "ಭಲೆ, ರಸಿಕ!" ಎನ್ನುತ್ತಿದ್ದೆ. ಅಂದು ಮಾತ್ರ ಚಮಚದೊಳಗೆ ಏನಿದೆ ಎಂದು ಕಣ್ಣಿಟ್ಟು ನೋಡಿದೆ. ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ. ಮೊದಲ ಮೂರೂ ನಮ್ಮ ಕೊಟ್ಟಿಗೆಯ ಆಕಳದ್ದು.

ವೇದಾ, ತಂಗೀ, ನಾನು ಕದ್ದು ಕೊಟ್ಟವನಲ್ಲ. ಅದನ್ನು ನಂಬು. ತೀರ್ಥವನ್ನು ಹಾಲಿನ ಲೆಕ್ಕಕ್ಕೆ ಹಿಡಿಯಬೇಕೆಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ಅಡುಗೆಮನೆಯಲ್ಲಿರುವುದು ಹಾಲು, ದೇವರ ಮೈಮೇಲಿಂದ ಇಳಿದದ್ದು ತೀರ್ಥ. ನಮ್ಮ ಅಜ್ಜ, ಅಪ್ಪ ಎಲ್ಲರೂ ಹಾಗೇ ಬದುಕಿದರು. ಉಪವಾಸದ ದಿನ ತೀರ್ಥ ಕುಡಿದರೆ ಉಪವಾಸ ಮುರಿಯಿತು ಎಂದವರನ್ನು ಈ ಸೀಮೆಯಲ್ಲಿ ನಾನು ಕಂಡಿಲ್ಲ. ಆದರೆ ಐದು ತಿಂಗಳ ಕರುಳಿಗೆ ಶಾಸ್ತ್ರ ತಿಳಿಯುತ್ತದೆಯೇ?

ನಿನಗೆ ಜ್ವರ ಬಂದು ಎದೆಹಾಲು ಬತ್ತಿ, ಮೊದಲ ಡಬ್ಬಿ ತಂದಾಗಲೇ ಮಾಣಿಗೆ ವಾಂತಿ, ಭೇದಿ, ಮೈತುಂಬ ಕೆಂಪು ಗಂದೆ. ಶಿರಸಿಯ ಮಕ್ಕಳ ಡಾಕ್ಟರು ಎಷ್ಟು ಬಿಡಿಸಿ ಹೇಳಿದ್ದರು! ಡಬ್ಬಿಯ ಪುಡಿಯೂ ಆಕಳ ಹಾಲಿನದ್ದೇ, ಆ ಹಾಲಿನ ಸತ್ವವೇ ಇವನಿಗೆ ಒಗ್ಗುವುದಿಲ್ಲ, ಸೋಯಾದ್ದು ಕೊಡಿ, ಹಾಲು ಮೊಸರು ಒಂದು ಹನಿಯೂ ಬೇಡ, ದೊಡ್ಡವನಾಗುತ್ತ ಸರಿಹೋಗಬಹುದು ಎಂದರು. ನೀನು ಪುಡಿ ಬದಲಾಯಿಸಿದೆ. ನಾನು ನಾಟಕ ಕಲಿಸಲು ಸಿದ್ದಾಪುರಕ್ಕೆ ಹೋಗಿದ್ದ ವಾರ ಮಾಣಿ ನಗುನಗುತ್ತ ಇದ್ದನಂತೆ. ನಾನು ಬಂದೆ, ನಗು ಹೋಯಿತು. ಮತ್ತೆ ಶಿರಸಿಗೆ ಓಡಿದೆವು. "ಮನೆಯಲ್ಲಿ ಬೇರೆ ಯಾರಾದರೂ ಹಾಲು ಕುಡಿಸ್ತೀರಾ?" ಎಂದು ಡಾಕ್ಟರು ಕೇಳಿದಾಗ ಎದೆ ತಟ್ಟಿ ಮುಂದೆ ಬಂದವನು ಯಾರು? ನಾನೇ. "ಒಂದು ಹನಿ ಇಲ್ಲ ಡಾಕ್ಟ್ರೇ! ಈ ಮನೆಯ ಯಜಮಾನನ ಮಾತು ಇದು!" ಹೊರಗೆ ಸರದಿಯಲ್ಲಿ ಕೂತವರೆಲ್ಲ ತಿರುಗಿ ನೋಡಿದರು. ನನ್ನ ಗಂಟಲು ನಂಬಿ ಡಾಕ್ಟರು ಬೇರೆ ಕಾಯಿಲೆ ಹುಡುಕಲು ರಕ್ತ ತೆಗೆಸಿದರು. ಆ ಪುಟ್ಟ ಕೈಯಲ್ಲಿ ನರ ಸಿಗದೆ ನರ್ಸು ಮತ್ತೆ ಮತ್ತೆ ಸೂಜಿ ಚುಚ್ಚಿದಳು. ನೀನು ಗೋಡೆಗೆ ಮುಖ ಮಾಡಿ ನಿಂತಿದ್ದೆ. ನಾನು ಕಾರಿಡಾರಿನಲ್ಲಿ ಯಾರಿಗೋ ನನ್ನ ರಾಜನ ಪಾತ್ರದ ಸುದ್ದಿ ಹೇಳುತ್ತಿದ್ದೆ.

ಇಷ್ಟಕ್ಕೇ ನಿಲ್ಲಿಸಿದೆನೇ? ಇಲ್ಲ. ಚೌತಿಯ ದಿನ ನೆಂಟರೆಲ್ಲ ಊಟ ಮುಗಿಸಿ ಜಗಲಿಯಲ್ಲಿ ಎಲೆಯಡಿಕೆಯ ಕವಳ ಹಾಕುತ್ತಿದ್ದರು. ನನಗೆ ಸಭೆ ಸಿಕ್ಕಿದರೆ ಸಾಕು ಎಂಬುದು ನಿನಗೆ ಗೊತ್ತು. ನಾಟಕ ಕಂಪನಿಯವರು ಯಲ್ಲಾಪುರದಲ್ಲಿ ತಂಬು ಹಾಕಿದಾಗಲೆಲ್ಲ ಪರದೆಯ ಹಿಂದೆ ಬಿದ್ದುಕೊಂಡು ಬೆಳೆದ ಹುಡುಗ ನಾನು, ಮುಂದೆ ನಾಲ್ಕು ತಲೆ ಕಂಡರೆ ಕಾಲು ತಾನಾಗಿ ರಂಗಕ್ಕೆ ಏರುತ್ತದೆ. ಹೆಗಲ ಶಾಲು ಝಾಡಿಸಿದೆ. "ಎಲೈ ಮಹಾಜನಗಳಿರಾ! ಗೋಮಾತೆಯ ಕ್ಷೀರ ವಿಷವಂತೆ! ಪೇಟೆಯ ಸೋಯಾ ಹಿಟ್ಟು ಅಮೃತವಂತೆ! ನಮ್ಮ ಸೊಸೆರಾಯಳು ಬಾಟಲಿ ತೊಳೆಯುವ ವೈಭವ ನೋಡಿರಿ!" ಎಂದು ನೀನು ಬಾಟಲಿ ಕುದಿಸುವುದು, ಬೆಳಕಿಗೆ ಹಿಡಿದು ನೋಡುವುದು, ಎಲ್ಲವನ್ನೂ ಆಡಿ ತೋರಿಸಿದೆ. ನೆಂಟರು ಹೊಟ್ಟೆ ಹಿಡಿದು ನಕ್ಕರು. ನೀನು ಒಳಗಿಂದ ಮಾಣಿಯ ಒದ್ದೆ ಬಟ್ಟೆ ಹಿಡಿದು ಬಂದೆ. "ಮಾವಾ, ಮಾಣಿಗೆ ರಕ್ತ ಹೋಗ್ತಾ ಇದ್ದು. ಈಗ ನಾಟ್ಕ ಬ್ಯಾಡ" ಎಂದೆ. ಅಷ್ಟೇ ಮಾತು. ನಗು ನಿಂತಿತು. ನನಗೆ ಅವಮಾನವಾಯಿತು. ಹೌದು, ಆಗ ಅವಮಾನವಾದದ್ದು ನನಗೆ! ಆ ಸಿಟ್ಟಿಗೆ, ಬಾಟಲಿ ನೆಟ್ಟಗೆ ತೊಳೆಯಲು ಬಾರದವಳು ಹಾಲಿಗೆ ಹೆಸರಿಡುತ್ತಾಳೆ ಎಂದು ಸಾರಿದೆ. ನವರಾತ್ರಿಗೆ ಮೊದಲೇ ನೀನು ಮಾಣಿಯನ್ನೆತ್ತಿ ಬಸ್ಸು ಹತ್ತಿದೆ. ನಾನು ತಡೆಯಲಿಲ್ಲ.

ಈಗ ಮಾಡಿದ್ದು ಏನು ಎಂದರೆ, ನಿನ್ನೆ ಯಲ್ಲಾಪುರಕ್ಕೆ ಹೋಗಿ ಎಸ್‌ಟಿಡಿ ಬೂತಿನಿಂದ ಶಿರಸಿಯ ಡಾಕ್ಟರಿಗೆ ಫೋನ್ ಮಾಡಿ ಪಂಚಾಮೃತದ ವಿಷಯ ಹೇಳಿದೆ. ಅವರು, "ಹೆಗಡೆಯವರೇ, ಜೇನೂ ಕೊಡಬಾರದಾಗಿತ್ತು, ಒಂದು ವರ್ಷದ ಒಳಗಿನ ಮಕ್ಕಳಿಗೆ ಅದು ಅಪಾಯ" ಎಂದರು. ಬೈದಿದ್ದರೆ ಚೆನ್ನಾಗಿತ್ತು. ಬೂತಿನ ಮುಕ್ತಾರ್ ಎಲ್ಲ ಕೇಳಿಸಿಕೊಂಡು, "ಮಗು ಆರಾಮಿದೆಯಲ್ಲ ಸಾಹೇಬ್ರೇ, ಅಷ್ಟು ಸಾಕು" ಎಂದ. ನನ್ನ ಮುಖ ನೋಡದೆ ಹೇಳಿದ, ಅದು ಅವನ ದೊಡ್ಡತನ.

ಮುಂದಿನ ತಿಂಗಳು ಅನ್ನಪ್ರಾಶನ. ಪುರೋಹಿತರನ್ನು ಕೇಳಿ ಬಂದಿದ್ದೇನೆ. ಹಾಲಿನ ಪಾಯಸವೇ ಆಗಬೇಕೆಂದಿಲ್ಲ, ಬೆಲ್ಲ ಹಾಕಿದ ಮೆತ್ತನ್ನ ಸಾಕು, ತುಪ್ಪವೂ ಬೇಡ ಎಂದು ಒಪ್ಪಿದ್ದಾರೆ. ನಿಲ್ಕುಂದದಲ್ಲೇ ನಡೆಯಲಿ, ನಿನ್ನ ಅಣ್ಣನ ತೊಡೆಯ ಮೇಲೆ. ಮೊದಲ ತುತ್ತು ಅಜ್ಜನ ಕೈಯಿಂದ ಎಂದು ಬರೆದು ಆ ಸಾಲನ್ನು ಹೊಡೆದುಹಾಕಿದ್ದೇನೆ, ಮೇಲೆ ಶಾಯಿಯ ಕಲೆ ಕಾಣುತ್ತದೆ ನೋಡು. ಮೊದಲ ತುತ್ತು ನೀನು ಕೊಡು. ಏನು ಕೊಡಬೇಕು, ಏನು ಕೊಡಬಾರದು ಎಂದು ಈ ಮನೆಯಲ್ಲಿ ಗೊತ್ತಿದ್ದವಳು ನೀನೊಬ್ಬಳೇ.

ನಿನ್ನ ತಂದೆತಾಯಿಗೆ ನಮಸ್ಕಾರ. ಅವರ ಎದುರು ಬರುವ ಮುಖ ಸದ್ಯ ನನಗಿಲ್ಲ. ಮಾಣಿಯ ಹೊಟ್ಟೆ ತಣ್ಣಗಿರಲಿ, ನಿನ್ನ ಮನಸ್ಸು ತಣ್ಣಗಾಗಲು ಎಷ್ಟು ದಿನ ಬೇಕೋ ಅಷ್ಟು ಹಿಡಿಯಲಿ.

ಇತಿ,
ನಿನ್ನ ಮಾವ
ಮಧುಕೇಶ್ವರ ಹೆಗಡೆ

ತಾ.ಕ.: ಇದನ್ನು ಅಂಚೆಗೆ ಹಾಕುತ್ತಿಲ್ಲ. ಲಕೋಟೆ ಹುಡುಕುವಾಗ ನಿನ್ನ ಅತ್ತೆ ಬಂದು ಯಾರಿಗೆ ಬರೆದದ್ದು ಎಂದಳು. ಅವಳಿಗೆ ನಾನು ಇಲ್ಲಿಯವರೆಗೆ ಏನೂ ಹೇಳಿರಲಿಲ್ಲ. ಬಾಟಲಿಯ ಕೊಳೆಯೇ ಕಾರಣ ಎಂದು ಅವಳು ಊರೆಲ್ಲ ಹೇಳಿಕೊಂಡು ಬಂದಿದ್ದಾಳೆ. ಓದಿ ಹೇಳಲು ಕೂತೆ. "ಗಟ್ಟಿ ಓದಿ, ಕೇಳ್ತಾ ಇಲ್ಲೆ" ಎಂದಳು. ಜನ್ಮದಲ್ಲಿ ನನಗೆ ಯಾರೂ ಹಾಗೆಂದದ್ದಿಲ್ಲ. ಪೂರ್ತಿ ಕೇಳಿ, "ಹಂಗಾರೆ ವೇದಾ ಕೂಸಿಗೆ ಆನು ಆಡಿದ ಮಾತೆಲ್ಲ ಯಾರು ವಾಪಸ್ ತಗತ್ತ?" ಎಂದಳು. ಈಗ ಸೀರೆ ಬದಲಾಯಿಸಿ ಚೀಲ ಹಿಡಿದು ನಿಂತಿದ್ದಾಳೆ. ನಾನೂ ಬರುತ್ತೇನೆಂದರೆ, "ನಿಂಗ ಬರಡಿ. ಬಂದ್ರೆ ಅಲ್ಲೂ ಭಾಷಣ ಆಗ್ತು. ಆನೊಬ್ಬಳೇ ಹೋಗ್ತೆ" ಎನ್ನುತ್ತಿದ್ದಾಳೆ. ಶಿರಸಿ ಬಸ್ಸಿಗೆ ಹೊತ್ತಾಯಿತು, ಈ ಕಾಗದ ಅವಳ ಕೈಯಲ್ಲೇ ಬರುತ್ತದೆ. ವೇದಾ, ಅವಳ ಮೇಲೆ ಸಿಟ್ಟಾಗಬೇಡ. ಅವಳು ನಿನಗೆ ಆಡಿದ್ದೆಲ್ಲ ನಾನು ಹೇಳಿಕೊಟ್ಟ ಮಾತು. ಬಾಗಿಲಲ್ಲಿ ನಿಂತು ಅವಳು ಕೈಚಾಚಿದರೆ ಮಾಣಿಯನ್ನು ಕೊಡು.