ಓಟಿಪಿ ಅಕ್ಕನದು, ಇಚ್ಛೆ ಯಾರದು?

ಮಾನ್ಯ ವರ್ಗಾವಣೆ ಅಧಿಕಾರಿಗಳೇ,

ನನ್ನ ಅಕ್ಕನ ವರ್ಗಾವಣೆ ಅರ್ಜಿಯನ್ನು ನುಂಗಿ ನೀರು ಕುಡಿದದ್ದು ನಿಮ್ಮ ಕಚೇರಿಯ ಹಜಾರದಲ್ಲಿರುವ ಕಂಪ್ಯೂಟರ್. ಅಪವಾದ ಮಾತ್ರ ಅಕ್ಕನ ತಲೆಗೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಹೊಲದವರನ್ನೇ ಹಿಡಿದು ಕಟ್ಟುವ ನಿಮ್ಮ ನ್ಯಾಯಕ್ಕೆ ದೊಡ್ಡ ನಮಸ್ಕಾರ.

ಅಕ್ಕ ಸರ್ಕಾರಿ ನರ್ಸ್. ಭಾವನಿಗೆ ದೂರದ ಊರಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್ ನಡೆಯುತ್ತಿದೆ. ಅವರ ಹತ್ತಿರವಿರಲು ಅಲ್ಲಿಗೇ ವರ್ಗ ಕೇಳಿದ್ದಳು. ಅರ್ಜಿಯನ್ನು ನಿಮ್ಮ ಹಜಾರದ ಕಂಪ್ಯೂಟರಿನಲ್ಲೇ ಖಚಿತಪಡಿಸಬೇಕೆಂಬುದು ನಿಮ್ಮದೇ ಆಜ್ಞೆ. ಅದರ ಮೇಲೆ 'ಓಟಿಪಿ ಯಾರಿಗೂ ಹೇಳಬೇಡಿ' ಎಂಬ ಫಲಕ. ಅಕ್ಕ ಫೋನಿಗೆ ಅಂಗೈ ಅಡ್ಡ ಹಿಡಿದು, "ಆಚೆ ಮುಖ ಮಾಡೇ, ನಿಯಮ ಅಂದ್ರೆ ನಿಯಮ" ಎಂದು ನನ್ನನ್ನೂ ಗದರಿ ಓಟಿಪಿ ಒತ್ತಿದಳು. ಪಾಪ, ಒಡಹುಟ್ಟಿದವಳಿಂದ ಬಚ್ಚಿಟ್ಟದ್ದನ್ನು ನೇರವಾಗಿ ಕಳ್ಳನ ಕೈಗೇ ಕೊಟ್ಟಳು. ಆ ಕಂಪ್ಯೂಟರಿಗೆ ಕಳ್ಳ ತಂತ್ರಾಂಶ ತುಂಬಿ ಕಾದಿದ್ದ ಯಾರೋ ಆಕೆಯ ಬೆನ್ನಿಗೇ ಅವಳ ಖಾತೆಯೊಳಗೆ ಹೊಕ್ಕಿದ್ದ. ಆಕೆ 'ನಿರ್ಗಮಿಸಿ' ಒತ್ತಿದಾಗ 'ಧನ್ಯವಾದ' ಎಂಬ ಸುಳ್ಳು ಪರದೆ ಬಂತು. ಅವನು ಒಳಗೇ ಉಳಿದು ಅರ್ಜಿಯನ್ನು ಹಿಂಪಡೆದ. ಜಾಗ ಇನ್ಯಾರಿಗೋ ಹೋಯಿತು. ಒಂದೇ ಸಲದ ಗುಪ್ತಸಂಖ್ಯೆ ಎಂದು ಬೀಗುತ್ತೀರಲ್ಲ, ಮನೆ ದೋಚುವವನಿಗೆ ಬಾಗಿಲು ಎಷ್ಟು ಸಲ ತೆರೆಯಬೇಕು ಸ್ವಾಮಿ?

ದೂರು ತಂದಾಗ ನೀವು ತಲೆಯನ್ನೂ ಎತ್ತಲಿಲ್ಲ. "ಓಟಿಪಿ ನಿಮ್ಮ ಫೋನಿಗೇ ಬಂದಿದೆ, ಒತ್ತಿದ್ದೂ ನೀವೇ. ಇನ್ನೇನಮ್ಮ?" ಎಂದಿರಿ. ಆಮೇಲೆ ಕಳ್ಳ ತಂತ್ರಾಂಶ ಸಿಕ್ಕಿತೆಂದು ನಿಮ್ಮ ಕಚೇರಿಯೇ ಪ್ರಕಟಿಸಿತು. ಕಂಪ್ಯೂಟರನ್ನು ಶುದ್ಧ ಮಾಡಿದಿರಿ. ನಿಮ್ಮ ಜಾಲತಾಣದಲ್ಲಿ ಮಾತ್ರ 'ಅರ್ಜಿದಾರರು ಸ್ವಇಚ್ಛೆಯಿಂದ ಹಿಂಪಡೆದಿದ್ದಾರೆ' ಎಂದು ಇವತ್ತಿಗೂ ಇದೆ. ಅದನ್ನು ಭಾವ ಆಸ್ಪತ್ರೆಯ ಹಾಸಿಗೆಯಲ್ಲೇ ಓದಿದರು. "ನನ್ನ ನೋಡ್ಕೊಂಡು ಸಾಕಾಗಿದ್ರೆ ಬಾಯಿಬಿಟ್ಟು ಹೇಳ್ಬಹುದಿತ್ತಲ್ವಾ?" ಎಂದರು. ಅಕ್ಕ ನಡೆದದ್ದನ್ನೆಲ್ಲ ಹೇಳಿದಳು. ಅವರು ಗೋಡೆಯ ಕಡೆ ತಿರುಗಿ ಮಲಗಿದರು. ಈಗ ಆಕೆಯ ಫೋನನ್ನೂ ಎತ್ತುತ್ತಿಲ್ಲ.

ನನಗೆ ಹೊಟ್ಟೆ ಉರಿಯುತ್ತಿದೆ, ಮಾನ್ಯರೇ. ಮಾಡಿದ್ದುಣ್ಣೋ ಮಹಾರಾಯ ಎಂದು ದೇವರಿಗೆ ಬಿಟ್ಟು ಸುಮ್ಮನಿರುವವಳು ನಾನಲ್ಲ. ಅಂಥದೇ ಕಂಪ್ಯೂಟರಿನಲ್ಲಿ ನೀವೂ ಒಮ್ಮೆ ಓಟಿಪಿ ಒತ್ತಬೇಕು. ಸ್ವಇಚ್ಛೆಯಿಂದ ರಾಜೀನಾಮೆ ಕೊಟ್ಟಿದ್ದೀರೆಂದು ಮರುದಿನ ನಿಮ್ಮ ಮನೆಯವರು ಓದಬೇಕು. ಆಗ ನಿಮ್ಮ ಮುಖವನ್ನು ನಾನು ಕಣ್ಣು ತುಂಬ ನೋಡಬೇಕು.

ಸದ್ಯಕ್ಕೆ, ಅಕ್ಕನ ಅರ್ಜಿಯನ್ನು ಮತ್ತೆ ಕೈಗೆತ್ತಿಕೊಳ್ಳಿ. ಆಮೇಲೆ ಆಸ್ಪತ್ರೆಗೆ ಖುದ್ದಾಗಿ ಬನ್ನಿ, ಗುಮಾಸ್ತರನ್ನು ಕಳಿಸಬೇಡಿ. ಭಾವನ ಪಕ್ಕದ ಸ್ಟೂಲಿನ ಮೇಲೆ ಕೂತು, "ನಿಮ್ಮ ಹೆಂಡತಿ ಬರ್ತೀನಿ ಅಂತಾನೇ ಬರೆದಿದ್ರು, ತಪ್ಪು ನಮ್ಮದು" ಎಂದು ನಿಮ್ಮ ಬಾಯಲ್ಲೇ ಹೇಳಿ. ಬೇಗ ಬನ್ನಿ. ನಮ್ಮ ಮಾತನ್ನು ಅವರು ನಂಬುತ್ತಿಲ್ಲ, ಕಾಯುವಷ್ಟು ಶಕ್ತಿಯೂ ಅವರಿಗೆ ಉಳಿದಿಲ್ಲ.

ಇಂತಿ,
ಸಂಪೂರ್ಣ ಸ್ವಇಚ್ಛೆಯಿಂದ ನಿಮ್ಮನ್ನು ಶಪಿಸುತ್ತಿರುವ
ನರ್ಸಮ್ಮನ ತಂಗಿ