ಹುವಾಸ್ಕರ್ ಹಡಗಿನ ಬಾಗಿಲು ತಟ್ಟಿದ್ದು

ತಾಲ್ಕಾವಾನೊ, ಚಿಲಿ
ಶನಿವಾರ, 4 ಅಕ್ಟೋಬರ್ 1997

ನನ್ನ ಮುದ್ದು ಅಮ್ಮಾ,

ಬೆಳಗ್ಗೆ ಏಳೂವರೆಗೆ ಟಣ್ ಟಣ್ ಅನ್ನುವ ಸದ್ದಿಗೆ ಎಚ್ಚರವಾಯಿತು. ಕಬ್ಬಿಣದ ಮೇಲೆ ಕಬ್ಬಿಣ. ಕಣ್ಣು ಬಿಟ್ಟವಳಿಗೆ ಮೊದಲು ಹೊಳೆದದ್ದು, ನಾನು ನಿದ್ದೆ ಮಾಡಿದ್ದೇನೆ ಅನ್ನುವುದು. ಎರಡನೆಯದು, ಎಲಿಯಾಸ್ ಅಳುತ್ತಿಲ್ಲ ಅನ್ನುವುದು. ತೊಟ್ಟಿಲಿಗೆ ಬಗ್ಗಿ ಅವನ ಮೂಗಿನ ಹತ್ತಿರ ಕನ್ನಡಿ ಹಿಡಿದೆ. ಕನ್ನಡಿ ಮಂಜಾಯಿತು. ಅಷ್ಟು ಸಾಲದೆ ಕಾಲಿನ ಹೆಬ್ಬೆರಳು ಹಿಡಿದು ಎಳೆದೆ. ಅವನು ಕಾಲು ಕೊಡವಿ, ಮುಖ ಸಿಂಡರಿಸಿ, ಮತ್ತೆ ಮಲಗಿದ. ನಾಲ್ಕೂವರೆ ತಿಂಗಳ ಮಗು, ಹನ್ನೊಂದು ದಿನದಿಂದ ಒಂದು ಗಂಟೆ ಒಟ್ಟಿಗೆ ನಿದ್ದೆ ಮಾಡದ ಮಗು, ಆ ಗದ್ದಲದಲ್ಲಿ ಬಾಯಿ ತೆರೆದುಕೊಂಡು ನಿದ್ದೆ ಹೊಡೆಯುತ್ತಿತ್ತು! ನಗಬೇಡ. ಓದಿದ ಹುಡುಗಿ ಹೀಗೆ ಕನ್ನಡಿ ಹಿಡಿದುಕೊಂಡು ತಿರುಗುತ್ತಾಳಾ ಎಂದು ಅತ್ತೆ ದಿನಾ ನಗುತ್ತಾರೆ, ಅದು ಸಾಕು.

ಆ ಸದ್ದು ಯಾವುದು ಎಂದು ನಿನಗೆ ಹೇಳಬೇಕಾಗಿಲ್ಲ. ನಮ್ಮ ಅಡುಗೆಮನೆ ಕಿಟಕಿಯಿಂದ ನೋಡಿದರೆ ಕೊಲ್ಲಿಯಲ್ಲಿ ಹುವಾಸ್ಕರ್ ಮ್ಯೂಸಿಯಂ ಆಗಿ ನಿಂತಿರುವುದು ಕಾಣುತ್ತದೆ. ಬರುವ ಬುಧವಾರ ಎಂಟನೇ ತಾರೀಕು, ಚಿಲಿಯವರು ಆ ಹಡಗನ್ನು ನಮ್ಮಿಂದ ಕಸಿದುಕೊಂಡ ಕಾಳಗದಲ್ಲಿ ಅದರ ಕ್ಯಾಪ್ಟನ್, ನಮ್ಮ ಗ್ರೌ, ಅದರ ಮೇಲೇ ಸತ್ತ ದಿನ. ಅಲ್ಲಿ ನಮ್ಮ ದೇಶದಲ್ಲಿ ನೀವು ರಜೆ ಮಾಡಿ ಹೂವಿಡುತ್ತೀರಿ. ಇಲ್ಲಿಯವರೂ ಅವತ್ತು ಹಡಗಿನಲ್ಲಿ ಹೂವಿಡುತ್ತಾರೆ. ಅದಕ್ಕೇ ನಿನ್ನ ಅಳಿಯ ನಿಬಾಲ್ದೊ ಮತ್ತು ಅವನ ಜೊತೆಗಾರರು ಹಲಗೆ ಇಳಿಬಿಟ್ಟುಕೊಂಡು, ಹಡಗಿನ ಮೈಯ ತುಕ್ಕನ್ನು ಸುತ್ತಿಗೆಯಿಂದ ಕುಟ್ಟಿ ಕೆರೆದು ಬಣ್ಣ ಬಳಿಯುತ್ತಿದ್ದಾರೆ.

ಅಪ್ಪ ಮತ್ತು ನಿಬಾಲ್ದೊ ಮೊದಲ ಸಲ ಒಟ್ಟಿಗೆ ಊಟಕ್ಕೆ ಕೂತದ್ದು ನೆನಪಿದೆಯಾ? ಸರಕು ಹಡಗಿನಲ್ಲಿ ನಮ್ಮ ಕಾಯಾವೊ ಬಂದರಿಗೆ ಬಂದ ವೆಲ್ಡರ್ ಹುಡುಗ, ನೀನು ಮಾಡಿದ ನಿಂಬೆಹುಳಿಯ ಮೀನಿನ ಸೆವಿಚೆಯನ್ನು ಮೂರು ತಟ್ಟೆ ತಿಂದ. ಅಪ್ಪನಿಗೆ ಖುಷಿಯೋ ಖುಷಿ. ಬಂದರಿನಲ್ಲಿ ಮೂವತ್ತೆಂಟು ವರ್ಷ ಬಾಯ್ಲರ್ ಕೆಲಸ ಮಾಡಿದವರಿಗೆ ಅಳಿಯನೂ ಕಬ್ಬಿಣದವನೇ ಸಿಕ್ಕನಲ್ಲ! "ಊರಲ್ಲಿ ಎಲ್ಲಪ್ಪಾ ಕೆಲಸ?" ಅಂದರು. "ಹುವಾಸ್ಕರ್‌ನಲ್ಲಿ ಮಾವ," ಅಂದ. "ಯಾವ ಹುವಾಸ್ಕರ್?" "ಇರೋದೊಂದೇ ಅಲ್ವಾ ಮಾವ! ನಿಮ್ಮದೇ! ಚಿನ್ನದ ಹಾಗೆ ನೋಡ್ಕೊಂಡಿದೀವಿ, ಒಂದು ಮೊಳೆ ಅಲ್ಲಾಡಿಲ್ಲ." ಪಾಪ, ಅಪ್ಪ ಕೇಳಿ ಹಿಗ್ಗುತ್ತಾರೆ ಎಂದೇ ಅವನು ನಂಬಿದ್ದ. ಆ ತಪ್ಪು ಚಿಲಿಯವನು ಮಾತ್ರ ಮಾಡಬಲ್ಲ. ಅಪ್ಪ ಚಮಚ ಕೆಳಗಿಟ್ಟು ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ: "ಕಳ್ಳ ಮನೆಗೆ ಬಂದು, ನಿಮ್ಮ ಹಸು ಚೆನ್ನಾಗಿ ಹಾಲು ಕೊಡ್ತಿದೆ ಅಂದ ಹಾಗಾಯ್ತು."

ಆಮೇಲಿನದು ನಿನಗೆ ಗೊತ್ತು. ಮದುವೆಗೆ ಬರಲಿಲ್ಲ. ಮೂರು ವರ್ಷವಾಯಿತು, ನಾನು ಫೋನ್ ಮಾಡಿದರೆ ಎದ್ದು ಬಚ್ಚಲಿಗೆ ಹೋಗುತ್ತಾರೆ. ನಾನು ಹೊರಟ ದಿನ ಬಾಗಿಲಲ್ಲಿ ನಿಂತು ಹೇಳಿದ್ದು ಒಂದೇ: "ಆ ಹಡಗಿನ ಮೇಲೆ ಮಾತ್ರ ಕಾಲಿಡಬೇಡ. ಟಿಕೆಟ್ ತಗೊಂಡು ನಮ್ಮನೆ ನಾವೇ ನೋಡೋದಾ?" ನಾನು ಆಣೆ ಮಾಡಿದೆ. ಅಪ್ಪನ ಮುತ್ತಾತ ಆ ಹಡಗಿನಲ್ಲಿ ಕಲ್ಲಿದ್ದಲು ತುಂಬುತ್ತಿದ್ದವರು ಎಂಬ ಕಥೆ ಕೇಳಿಯೇ ಬೆಳೆದವಳು ನಾನು. ಅವತ್ತು ನೀನು ಒಳಗಿನಿಂದ ಕೂಗಿದ್ದೂ ಮರೆತಿಲ್ಲ: "ಕಾಯಾವೊದಲ್ಲಿ ಹುವಾಸ್ಕರ್ ಹತ್ತದ ಮುತ್ತಾತ ಯಾರ ಮನೇಲಿದಾನ್ರೀ? ಅಷ್ಟೂ ಜನ ನಿಜವಾಗಿ ಹತ್ತಿದ್ರೆ ಗುಂಡೇ ಬೇಕಿರಲಿಲ್ಲ, ಭಾರಕ್ಕೇ ಮುಳುಗಿರೋದು!"

ಈಗ ಕೇಳು, ಬೈಯಬೇಡ. ಇವತ್ತು ನಾನು ಹುವಾಸ್ಕರ್ ಹತ್ತಿದೆ.

ಬೇಕೆಂದು ಹತ್ತಲಿಲ್ಲ. ಹತ್ತು ಗಂಟೆಗೆ ಕೆಲಸದವರು ಚಹಾಕ್ಕೆ ನಿಂತರು, ಎಲಿಯಾಸ್ ಕಿರುಚಿಕೊಂಡು ಎದ್ದ. ಸುತ್ತಿಗೆ ಶುರುವಾಯಿತು, ಮಲಗಿದ. ಊಟಕ್ಕೆ ನಿಂತರು, ಎದ್ದ. ಎರಡು ಗಂಟೆ ಹೊತ್ತು ಒಂದೇ ಸಮನೆ ಅತ್ತು ನೀಲಿಯಾದ. ನಾನು ಆಸ್ಪತ್ರೆಗೆ ಹೊರಟೆ. ಅತ್ತೆ ಉಬೆರ್ಲಿಂದ ನನ್ನ ಕೈಯಿಂದ ಚೀಲ ಕಿತ್ತುಕೊಂಡು, "ಆಸ್ಪತ್ರೆಗೆ ಯಾಕೆ ಹೋಗ್ತೀಯ? ಔಷಧಿ ಅಲ್ಲಿ ನೀರಲ್ಲಿ ನಿಂತಿದೆ. ಕರ್ಕೊಂಡು ಹೋಗು ಅವರಪ್ಪನ ಹತ್ರ. ಇವನು ಕಬ್ಬಿಣದ ಮಗ, ಜೋಗುಳ ಬೇಡ ಇವನಿಗೆ, ಸುತ್ತಿಗೆ ಬೇಕು," ಅಂದರು. ನನ್ನ ಆಣೆಯ ವಿಷಯ ಅವರಿಗೂ ಗೊತ್ತು. "ನಿಮ್ಮಪ್ಪ ಆಣೆ ಹಾಕಿಸಿದ್ದು ನಿನಗೆ. ಮಗು ಹತ್ತುತ್ತೆ, ನೀನು ಎತ್ಕೊಂಡಿರು ಅಷ್ಟೇ!" ಇಂಥ ವಕಾಲತ್ತನ್ನು ನಮ್ಮ ಕಾಲೇಜಿನಲ್ಲೂ ಕೇಳಿರಲಿಲ್ಲ. ಗೇಟಿನಲ್ಲಿ ಕೆಲಸಗಾರರ ಮನೆಯವರಿಗೆ ಟಿಕೆಟ್ ಬೇಕಿಲ್ಲ ಅಂದರು. ಅಪ್ಪನಿಗೆ ಹೇಳುವಾಗ ಅದನ್ನೇ ಮೊದಲು ಹೇಳು.

ಹಡಗು ನಾನಂದುಕೊಂಡದ್ದಕ್ಕಿಂತ ಚಿಕ್ಕದು, ಅಮ್ಮ. ಪುಸ್ತಕದಲ್ಲಿ ಓದಿದ್ದೆ: ಇಂಗ್ಲೆಂಡಿನಲ್ಲಿ ಕಟ್ಟಿದ್ದು, ಮೈಗೆಲ್ಲ ಕಬ್ಬಿಣದ ಕವಚ, ಉಗಿಯ ಯಂತ್ರ, ನಡುವೆ ಗುಂಡಗೆ ತಿರುಗುವ ಗೋಪುರ, ಅದರಲ್ಲಿ ಎರಡು ಫಿರಂಗಿ. ಆ ಗೋಪುರವನ್ನು ಗಾಲಿ ತಿರುವಿ ಕೈಯಿಂದಲೇ ತಿರುಗಿಸುತ್ತಿದ್ದರು. ಮರದ ಹಡಗುಗಳ ಕಾಲದಲ್ಲಿ ಅದೊಂದು ದೈತ್ಯ. ಇಷ್ಟೇ ಇಷ್ಟು ಜಾಗದಲ್ಲಿ ಅಷ್ಟು ಜನ ಹೇಗೆ ಉಸಿರಾಡಿದರೋ, ಬೆಂಕಿಗೂಡಿನ ಮುಂದೆ ಮುತ್ತಾತ ಹೇಗೆ ನಿಂತರೋ!

ಮೂರು ಗಂಟೆಗೆ ಕೆಲಸ ಮತ್ತೆ ಶುರುವಾಗುವುದಿತ್ತು. ಕಾಂದೀದೊ ಎಂಬ ಮುದುಕ ಮೇಸ್ತ್ರಿ ಇದ್ದಾರೆ, ನಿಬಾಲ್ದೊಗೆ ಕೆಲಸ ಕಲಿಸಿದವರು. ಎಲ್ಲರೂ ಸುತ್ತಿಗೆ ಹಿಡಿದು ಕಾಯುತ್ತಿದ್ದರು. ಮೇಸ್ತ್ರಿ ಕೆಳಗಿಳಿದು, ಗ್ರೌ ಇದ್ದ ಕೋಣೆಯ ಮುಂದೆ ಟೋಪಿ ತೆಗೆದು, ಬಾಗಿಲನ್ನು ಎರಡು ಸಲ ತಟ್ಟಿ, "ಅಪ್ಪಣೆಯಾಗಲಿ ಸಾಹೇಬ್ರೇ, ಸ್ವಲ್ಪ ಸದ್ದಾಗುತ್ತೆ," ಅಂದರು. ಅಂದು ಸುಮ್ಮನೆ ನಿಂತರು. ಒಳಗಿನವರೊಬ್ಬರು ಎದ್ದು ಕೋಟಿನ ಗುಂಡಿ ಹಾಕಿಕೊಳ್ಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು. ನಾನು ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದೆ. ಇದನ್ನು ಯಾರೂ ಹೇಳಿಕೊಟ್ಟದ್ದಲ್ಲವಂತೆ, ಮೇಸ್ತ್ರಿಯ ಮೇಸ್ತ್ರಿಯೂ ಹೀಗೇ ಕೇಳುತ್ತಿದ್ದರಂತೆ. ಪ್ರತಿ ಸಲ ಸುತ್ತಿಗೆ ಎತ್ತುವ ಮೊದಲು ಕೇಳಲೇಬೇಕು. ಮೂರು ವರ್ಷ ಒಂದೇ ಮನೆಯಲ್ಲಿದ್ದೂ ನಿಬಾಲ್ದೊ ನನಗೆ ಹೇಳಿರಲಿಲ್ಲ. ಕೇಳಿದರೆ, "ಅದರಲ್ಲಿ ಹೇಳೋಕೇನಿದೆ? ಅವರ ಮನೆ, ಕೇಳ್ದೆ ಹೊಡೆಯೋಕಾಗುತ್ತಾ?" ಅಂದ.

"ಬೇಡ ಅಂದಿದ್ದುಂಟಾ?" ಎಂದೆ ಮೇಸ್ತ್ರಿಗೆ.

"ಒಂದ್ಸಲ. ಅವತ್ತು ಯಾಕೋ ನನಗೆ ಮನಸ್ಸು ಬರಲಿಲ್ಲ, ಕೆಲಸ ನಿಲ್ಲಿಸಿದೆ. ಅರ್ಧ ಗಂಟೇಲಿ ಎಂಥಾ ಮಳೆ ಅಂತೀರಿ! ಬಣ್ಣ ಎಲ್ಲಾ ಸಮುದ್ರದ ಪಾಲಾಗ್ತಿತ್ತು." ಆಮೇಲೆ ನನ್ನ ಮಾತಿನ ಧಾಟಿ ಗುರುತು ಹಿಡಿದು, "ನೀವು ಯಾವೂರಿನವರು ತಾಯೀ?" ಎಂದರು. ಕಾಯಾವೊ ಎಂದೆ. ಮುದುಕ ಪಕ್ಕಕ್ಕೆ ಸರಿದರು. "ಮೊದಲೇ ಹೇಳ್ಬಾರ್ದಾ! ನಾವು ಹೊರಗಿನವರು ಕೇಳೋದು ಬೇರೆ, ಮನೆಮಗಳು ಕೇಳೋದು ಬೇರೆ. ಬನ್ನಿ, ನೀವೇ ತಟ್ಟಿ. ನನಗಿನ್ನೂ ಉತ್ತರ ಬಂದಿಲ್ಲ."

ಎಲಿಯಾಸ್‌ನನ್ನು ಎಡತೋಳಿಗೆ ಬದಲಿಸಿಕೊಂಡು ತಟ್ಟಿದೆ. ಅಮ್ಮ, ಸದ್ದಿನ ಅಪ್ಪಣೆ ಕೇಳುವುದು ಮರೆತೇಹೋಯಿತು. ನನ್ನ ಬಾಯಿಂದ ಬಂದದ್ದೇ ಬೇರೆ. "ಸಾಹೇಬ್ರೇ, ನಮ್ಮಪ್ಪನಿಗೆ ಒಂದು ದಿನ ರಜೆ ಕೊಡಿ. ಅವರ ಮುತ್ತಾತನ ಕಾಲದಿಂದ ನಿಮ್ಮ ಕಾವಲಿಗೇ ನಿಂತುಬಿಟ್ಟಿದ್ದಾರೆ," ಎಂದೆ. ಹಿಂದೆ ಯಾರೂ ನಗಲಿಲ್ಲ. ಮೇಸ್ತ್ರಿ ಬಾಗಿಲಿಗೆ ಕಿವಿಗೊಟ್ಟು, "ಆಯ್ತು, ಬೇಡ ಅಂದಂಗೆ ಕೇಳಿಸ್ಲಿಲ್ಲ. ಹೊಡೀರೋ!" ಎಂದು ಕೂಗಿದರು. ಟಣ್ ಟಣ್ ಶುರುವಾಯಿತು. ಮೂರನೇ ಏಟಿಗೆ ಎಲಿಯಾಸ್ ನಿದ್ದೆ.

ಅವನನ್ನು ಮಡಿಲಲ್ಲಿಟ್ಟುಕೊಂಡು ಕೆಳಗಿನ ಮೆಟ್ಟಿಲ ಮೇಲೆ ಒಂದೂವರೆ ಗಂಟೆ ಕೂತಿದ್ದೆ. ಸುಖವಾಗಿತ್ತು. ಚರಿತ್ರೆ ಓದಿದವಳು ನಾನು, ಪರೀಕ್ಷೆಗೆ ಇಸವಿಗಳನ್ನೆಲ್ಲ ಬಾಯಿಪಾಠ ಮಾಡಿದ್ದೆ. ಇಕೀಕೆ ಬಂದರಿನಲ್ಲಿ ಇದೇ ಹಡಗು ಚಿಲಿಯವರ ಮರದ ಹಡಗನ್ನು ಗುದ್ದಿ ಮುಳುಗಿಸಿತು. ಅದರ ಕ್ಯಾಪ್ಟನ್ ಪ್ರಾತ್ ಕತ್ತಿ ಹಿಡಿದು ಇದರ ಮೇಲೆ ಹಾರಿ ಇಲ್ಲೇ ಸತ್ತ. ನೀರಿಗೆ ಬಿದ್ದವರನ್ನು ಗ್ರೌ ಎತ್ತಿಸಿದರು, ಪ್ರಾತ್‌ನ ಹೆಂಡತಿಗೆ ಕಾಗದ ಬರೆದು ಅವನ ಕತ್ತಿಯನ್ನೂ ಮದುವೆಯುಂಗುರವನ್ನೂ ಕಳಿಸಿದರು. ಆ ವಿಧವೆ ಮರುಪತ್ರ ಬರೆದಳು. ಐದು ತಿಂಗಳೊಳಗೆ ಅಂಗಾಮೋಸ್ ಕಾಳಗದಲ್ಲಿ ಗ್ರೌ ಕೂಡ ಹೋದರು. ಉಳಿದವರು ಹಡಗನ್ನು ಶತ್ರುವಿಗೆ ಬಿಡಬಾರದೆಂದು ತಳದ ಕವಾಟಗಳನ್ನು ತೆರೆದು ನೀರು ಬಿಟ್ಟರು. ಚಿಲಿಯವರು ಹತ್ತಿ, ಪಿಸ್ತೂಲು ತೋರಿಸಿ ಮುಚ್ಚಿಸಿದರು. ಒಂದು ಕವಾಟ ತೆರೆದದ್ದು ನಮ್ಮ ಮುತ್ತಾತನೇ ಎಂದು ಅಪ್ಪ ಹೇಳುತ್ತಾರಲ್ಲ, ಅವತ್ತು ಅವರು ಗೆದ್ದಿದ್ದರೆ ಇದು ಸಮುದ್ರದ ತಳದಲ್ಲಿರುತ್ತಿತ್ತು. ನನ್ನ ಮಗ ಎಲ್ಲಿ ಮಲಗುತ್ತಿದ್ದ? ಹೀಗೆ ಯೋಚಿಸಿದ್ದಕ್ಕೆ ಅಪ್ಪನಿಗೆ ಸಿಟ್ಟು ಬರಬಹುದು. ಇದೊಂದನ್ನು ಹೇಳಬೇಡ.

ಇನ್ನು ಮುಖ್ಯ ವಿಷಯ. ನಾಳೆ ಒಂಬತ್ತಕ್ಕೆ ದೀಕ್ಷಾಸ್ನಾನ. ಎಲಿಯಾಸ್‌ನ ಧರ್ಮತಂದೆ ಅಪ್ಪನೇ ಆಗಬೇಕು ಎಂದು ನನ್ನ ಆಸೆ. ಧರ್ಮತಂದೆ ದೂರದೇಶದಲ್ಲಿದ್ದರೆ ಅವರ ಪರವಾಗಿ ಇನ್ನೊಬ್ಬರು ಮಗುವನ್ನು ಎತ್ತಿಕೊಳ್ಳಬಹುದು, ಆದರೆ ಅವರು ಮನಸಾರೆ ಒಪ್ಪಿರಬೇಕು ಎಂದು ಫಾದರ್ ಹೇಳಿದ್ದಾರೆ. ಪರವಾಗಿ ನಿಲ್ಲುವವರು ಯಾರು ಗೊತ್ತಾ? ಮಾವ ಫ್ರೊಯ್ಲಾನ್! ಮೂವತ್ತು ವರ್ಷ ಚಿಲಿಯ ನೌಕಾಪಡೆಯಲ್ಲಿದ್ದವರು. ಮಗು ಹುಟ್ಟಿದ್ದು ಮೇ ಇಪ್ಪತ್ತೊಂದು, ಪ್ರಾತ್ ಸತ್ತ ದಿನ, ಇಲ್ಲಿ ದೊಡ್ಡ ಹಬ್ಬ. ದಾದಿಯರೆಲ್ಲ ಪ್ರಾತ್‌ನ ಹೆಸರಿಡಿ ಎಂದು ಹಟ ಹಿಡಿದಾಗ, "ಮಗುವಿನ ಮೇಲೆ ಯುದ್ಧ ಹೇರಬೇಡ್ರಮ್ಮ," ಎಂದು ಅವರನ್ನು ಓಡಿಸಿದವರೂ ಇವರೇ. ಹೇಗೆ ಕೇಳುವುದೆಂದು ಹೆದರುತ್ತಾ ಕೇಳಿದೆ. ಮಾವ ಮೀಸೆ ತಿರುವಿ, "ನೂರ ಹದಿನೆಂಟು ವರ್ಷದಿಂದ ನಿಮ್ಮ ಹಡಗು ನೋಡ್ಕೊಂಡಿದೀವಿ. ನಿಮ್ಮಪ್ಪನ ಧರ್ಮಪುತ್ರನ್ನ ಅರ್ಧ ಗಂಟೆ ಎತ್ಕೊಳ್ಳೋಕಾಗಲ್ವಾ? ಆದ್ರೆ ಹೇಳ್ಬಿಡು ಅವರಿಗೆ, ಇದನ್ನ ಮಾತ್ರ ವಾಪಸ್ ಕೊಡ್ತೀನಿ," ಎಂದರು! ಅತ್ತೆ ನಕ್ಕು ನಕ್ಕು ಚಹಾ ಚೆಲ್ಲಿದರು. ನಾಳೆಯ ಊಟಕ್ಕೆ ಚಿಲಿಯ ಪಿಸ್ಕೊ ತಂದಿದ್ದಾರೆ. ಆ ಮದ್ಯ ನಮ್ಮದೋ ಅವರದೋ ಎಂಬ ಜಗಳ ನಿನಗೆ ಗೊತ್ತಲ್ಲ, ನನ್ನ ಮುಖ ನೋಡಿ ಬಾಟಲಿಗೆ ಪತ್ರಿಕೆ ಸುತ್ತಿಟ್ಟಿದ್ದಾರೆ.

ಇಷ್ಟು ತಡವಾಗಿ ಯಾಕೆ ಕೇಳುತ್ತಿದ್ದೀಯ ಎಂದು ಮಾತ್ರ ಕೇಳಬೇಡ. ಸಾರು ಕುಡಿದು ಮುಗಿಸಿದ ಮೇಲೆ, ರೇಡಿಯೊ ಹಾಕುವ ಮೊದಲು ಅಪ್ಪನನ್ನು ಕೇಳು. ಬಾಗಿಲು ತಟ್ಟುವ ವಿಷಯ ಹೇಳು. ಅವರು ಒಪ್ಪದಿದ್ದರೆ ಮಾವನೇ ಧರ್ಮತಂದೆಯಾಗುತ್ತಾರೆ. ಒಳ್ಳೆಯವರು, ಮಗುವಿಗೆ ಏನೂ ಕಡಿಮೆಯಾಗುವುದಿಲ್ಲ. ಆದರೆ ಇಗರ್ಜಿಯ ಪುಸ್ತಕದಲ್ಲಿ ಬರೆದದ್ದನ್ನು ಮತ್ತೆ ತಿದ್ದುವುದಿಲ್ಲ, ಅಪ್ಪನ ಆ ಜಾಗ ಶಾಶ್ವತವಾಗಿ ಹೋಗುತ್ತದೆ.

ಈಗ ಆರೂವರೆ. ಎಂಟಕ್ಕೆ ಫ್ಯಾಕ್ಸ್ ಅಂಗಡಿ ಮುಚ್ಚುತ್ತಾರೆ, ಗುಡ್ಡ ಇಳಿದು ಹೋಗಬೇಕು. ನಾನು ಚೆನ್ನಾಗಿದ್ದೇನೆ ಅಮ್ಮ, ನಿಜವಾಗಿ. ನಿದ್ದೆಯೊಂದು ಬಿಟ್ಟರೆ ಇಲ್ಲಿ ನನಗೆ ಯಾವುದಕ್ಕೂ ಕೊರತೆಯಿಲ್ಲ.

ನಿನ್ನ ಕೆನ್ನೆಗೆ ಎರಡು ಮುತ್ತು, ಒಂದು ನನ್ನದು, ಒಂದು ಜೊಲ್ಲಿನದು.

ನಿನ್ನ
ನೊಯೆಮಿ

ತಾ.ಕ.: ಅಪ್ಪಾ, ಇದು ನಿಮಗೆ. ಹೋದ ವಾರ ಅಮ್ಮ ಕಳಿಸಿದ ಫ್ಯಾಕ್ಸಿನ ಅಂಚಿನಲ್ಲಿ, ನನ್ನ ಫ್ಯಾಕ್ಸ್ ಬಂದು ಬೀಳುವ ಔಷಧಿ ಅಂಗಡಿಯ ದೋನ್ಯಾ ಅಸುಂತಾ ಸಣ್ಣಗೆ ಬರೆದಿದ್ದರು: "ನಿನ್ನ ಕಾಗದ ತಗೊಂಡು ಹೋಗೋಕೆ ಬರೋದು ನಿಮ್ಮಮ್ಮ ಅಲ್ಲ ಕಣೇ, ನಿಮ್ಮಪ್ಪ. ಇಲ್ಲೇ ನಿಂತು ಎರಡೆರಡು ಸಲ ಓದ್ತಾರೆ. ಆಮೇಲೆ ಓದೇ ಇಲ್ಲ ಅನ್ನೋ ಹಾಗೆ ಮಡಿಸ್ಕೊಂಡು ಮೇಲೆ ಮನೆಗೆ ಹೋಗ್ತಾರೆ." ಹಾಗಾಗಿ ಇಷ್ಟನ್ನೂ ನಿಮಗೇ ಬರೆದೆ, ಹೇಳಬೇಡ ಎಂದದ್ದನ್ನೂ ಸೇರಿಸಿ. ಇನ್ನೊಂದು ತಪ್ಪೊಪ್ಪಿಗೆ ಉಳಿದಿದೆ. ಎರಡು ವಾರದ ಹಿಂದೆಯೇ ಫಾದರ್ ಹತ್ತಿರ ನಿಮ್ಮ ಹೆಸರು ಬರೆಸಿದೆ. ಒಪ್ಪಿದ್ದಾರಾ ಎಂದು ಕೇಳಿದರು. ಫೋನಿನಲ್ಲಿ ಒಪ್ಪಿದರು, ಅತ್ತುಬಿಟ್ಟರು ಎಂದೆ. ಅಷ್ಟು ದೊಡ್ಡ ಸುಳ್ಳು ಹೇಳಿ ಬಂದಾಗಿನಿಂದ ನನಗೆ ನಿದ್ದೆ ಹತ್ತಿಲ್ಲ. ಮಗುವಿನ ಅಳು ಒಂದು ನೆಪ. ನಾಳೆ ಮಗುವನ್ನು ಮುಂದಿಟ್ಟುಕೊಂಡು ಆ ಸುಳ್ಳನ್ನು ಮತ್ತೆ ಹೇಳಲಾರೆ. ಫೋನನ್ನು ಹಾಸಿಗೆಯ ಪಕ್ಕಕ್ಕೆ ಎಳೆದಿಟ್ಟುಕೊಂಡಿದ್ದೇನೆ. ಎಷ್ಟು ಹೊತ್ತಾದರೂ ಸರಿ, ಮೊದಲ ಗಂಟೆಗೇ ಎತ್ತುತ್ತೇನೆ. ಹೆಚ್ಚು ಮಾತು ಬೇಡ, ಹೂಂ ಎಂದರೆ ಸಾಕು. ಊಹೂಂ ಎನ್ನುವುದಿದ್ದರೂ ನಿಮ್ಮ ಬಾಯಿಂದಲೇ ಕೇಳಿಸಿಕೊಳ್ಳುತ್ತೇನೆ. ಬೆಳಗಾಗುವುದರೊಳಗೆ ಒಂದೇ ಒಂದು ಸಲ ಫೋನ್ ಮಾಡಿ ಅಪ್ಪಾ, ದಮ್ಮಯ್ಯ.