ನಾನು ಹೊಡೆದುಹಾಕಿದ ಪುಟ

೧೨ ಅಕ್ಟೋಬರ್ ೨೦೦೩, ಭಾನುವಾರ. ಬ್ರಿಸ್ಟಲ್

ಪಬ್ಬಿನ ಮೇಲಿನ ಕೋಣೆ. ಎಂದಿನಂತೆ ಕಥೆ ಓದಿ ತಿದ್ದುವ ನಾವು ನಾಲ್ವರು, ಎಂದಿನಂತೆ ಕೆಟ್ಟ ಹೀಟರ್. ಇವತ್ತು ಅಲುನ್‌ನ ಕಥೆ. ನಕ್ಷೆ ಬರೆಯುವವನೊಬ್ಬನ ಬೆರಳುಗಳು ಒಂದೊಂದಾಗಿ ಅವನ ಮಾತು ಬಿಟ್ಟು ಊರಿನ ಮಾತು ಕೇಳತೊಡಗುತ್ತವೆ. ಕೊನೆಗೆ ನಾಲಿಗೆಯೂ.

ನಮ್ಮ ನಿಯಮ — ಎಲ್ಲರೂ ಹೇಳಿ ಮುಗಿಸುವವರೆಗೆ ಬರೆದವರು ತುಟಿ ಬಿಚ್ಚುವಂತಿಲ್ಲ.

ಪ್ರೂ ಬಿಸ್ಕತ್ತು ಮುರಿಯುತ್ತಾ, “ಬರೀ ಬೆರಳು ಸಾಲದು ಮಾರಾಯ. ಹೋದ ಸಲದ ಕಥೇಲಿ ಇಡೀ ಚರ್ಚನ್ನೇ ಬಸುರಿ ಮಾಡಿದ್ದೆ. ಈಗೇನು, ಬಡತನವಾ?” ಅಂದಳು.

ಡೆಸ್ಮಂಡ್: “ಕಥೇಲಿ ಬರೋ ಆ ಡಾಕ್ಟರನ್ನ ಕಿತ್ತುಹಾಕು. ಕಾರಣ ಕೊಟ್ರೆ ವಿಚಿತ್ರ ಸತ್ತೇ ಹೋಗುತ್ತೆ.”

ನಾನು: “ನಕ್ಷೆಯವನಿಗೆ ಹೆಂಡತಿ ಪದ್ಯ ಓದ್ತಾ ಸೂಪ್ ಕುಡಿಸೋ ಪುಟ ಕನಿಕರ ಬೇಡ್ತಿದೆ, ಅಲುನ್. ನಿನಗೆ ಒಪ್ಪೋದಿಲ್ಲ.” ಪುಟಕ್ಕೆ ಪೂರ್ತಿ ಕೆಂಪು ಗೀಟು ಎಳೆದು ಕೊಟ್ಟೆ. ಮದುವೆಯಾಗದವನು ಹೆಂಡತಿಯ ಪಾತ್ರ ಬರೆದರೆ ಹೀಗೇ.

ಅವನ ಸರದಿ ಬಂತು. “ಥ್ಯಾಂಕ್ಸ್” ಅಂದ, ಅಷ್ಟೇ. ಮಾತು ತೊದಲಿತು. “ಎಷ್ಟನೇ ಗ್ಲಾಸೋ?” ಅಂತ ಪ್ರೂ ಕೆಣಕಿದಳು. ನಕ್ಕೆವು.

೧೭ ಅಕ್ಟೋಬರ್

ಲೈಬ್ರರಿ. ನಲವತ್ತೆಂಟಕ್ಕೆ ಮತ್ತೆ ವಿದ್ಯಾರ್ಥಿನಿ; ಪ್ರಬಂಧದ ವಿಷಯ ನನ್ನ ಗೆಳೆಯರೇ. ಇಂಟರ್‌ನೆಟ್ಟಿನಲ್ಲಿ ಇವರ ಥರದ ವಿಚಿತ್ರ ಕಥೆಗಳಿಗೆ ಯಾರೋ ಜಗಳವಾಡಿ ಇಟ್ಟ ಹೆಸರು, ನ್ಯೂ ವಿಯರ್ಡ್. “ಚಳವಳಿಯಂತೆ,” ಅನ್ನುತ್ತಾನೆ ಅಲುನ್. “ನಾಲ್ಕು ಜನ, ಮೂರು ಕುರ್ಚಿ.”

ಅವನ ಬಗೆಗಿನ ಅಧ್ಯಾಯ ಶುರು ಮಾಡಿದೆ. ‘ಈ ಲೇಖಕನಲ್ಲಿ ಯಾವುದೂ ರೂಪಕವಲ್ಲ, ಎಲ್ಲವೂ ನಿಜವಾಗಿ ನಡೆಯುತ್ತದೆ.’ ಒಳ್ಳೆಯ ವಾಕ್ಯ ಅನ್ನಿಸಿತು.

೩೦ ನವೆಂಬರ್, ಭಾನುವಾರ

ಮೂರು ಸಭೆಗೆ ಅಲುನ್ ಬಂದಿಲ್ಲ. ಫೋನ್ ಎತ್ತುವುದಿಲ್ಲ. ಮುನಿಸು ಅಂದುಕೊಂಡಿದ್ದೆವು.

ಇವತ್ತು ಸ್ವಾನ್ಸಿಯಿಂದ ಅವನ ಅಕ್ಕ ನೆರಿಸ್ ಫೋನ್ ಮಾಡಿದರು. ನರದ ಕಾಯಿಲೆ. ಗೊತ್ತಾದದ್ದು ಹೋದ ವಸಂತದಲ್ಲಿ. ಕೈ ಹೋಯಿತು, ಈಗ ಮಾತು. ವಾಸಿಯಾಗುವಂಥದ್ದಲ್ಲ.

“ನಿಮಗೆಲ್ಲ ಹೇಳಿದೀನಿ ಅಂದಿದ್ದನಲ್ಲ, ಮೊರೀನ್. ಬಾಯಲ್ಲಿ ಹೇಳೋಕಾಗಲ್ಲ, ಕಥೆ ಮಾಡಿ ಕಳಿಸಿದೀನಿ ಅಂದ. ನೀವು ಯಾರೂ ಏನೂ ಕೇಳಲಿಲ್ಲವಂತೆ.”

ಕೇಳಲಿಲ್ಲ. ತಿದ್ದಿದೆವು.

೩ ಡಿಸೆಂಬರ್. ಸ್ವಾನ್ಸಿಯಿಂದ ವಾಪಸ್ಸು, ರೈಲಿನಲ್ಲಿ

ಅಲುನ್ ಎದುರು ಅಕ್ಷರಗಳ ಹಲಗೆ. ಅವನು ಕಣ್ಣು ನಿಲ್ಲಿಸಿದ ಅಕ್ಷರವನ್ನು ನಾನು ಜೋಡಿಸಿ ಓದಬೇಕು. ಮೊದಲ ಮಾತೇ ತಮಾಷೆ: “ಡೆಸ್ಮಂಡ್‌ಗೆ ಹೇಳು. ಡಾಕ್ಟರನ್ನ ಕಿತ್ತುಹಾಕೋಕೆ ನೋಡಿದೆ. ಹೋಗ್ತಿಲ್ಲ.”

ನಕ್ಕೆ. ನಗು ಮುಗಿಯುವ ಮೊದಲೇ ಕೇಳಿಬಿಟ್ಟೆ, “ನನ್ನ ಯಾಕೆ ಕರೀಲಿಲ್ಲ?”

ಉತ್ತರ ಅಕ್ಷರ ಅಕ್ಷರವಾಗಿ ಬಂತು.

“ಕರೆದಿದ್ದೆ. ಆ ಪುಟದಲ್ಲಿ. ನೀನು ಬೇಡ ಅಂದೆ.”

ಪದ್ಯ ಓದುವ ಹೆಂಡತಿ. ಹನ್ನೊಂದು ವರ್ಷದಿಂದ ಅವನಿಗೆ ಪದ್ಯ ಓದಿ ಹೇಳುತ್ತ ಬಂದವಳು ಜಗತ್ತಿನಲ್ಲಿ ನಾನೊಬ್ಬಳೇ.

ನೆರಿಸ್ ಟೀ ತಂದರು. ಅವನು ಕಣ್ಣು ಮುಚ್ಚಿದ; ದಣಿವು. “ಭಾನುವಾರ ಬರ್ತೀನಿ” ಅಂದೆ. ಅದನ್ನು ಮಾತ್ರ ಅಂದೆ.

೭ ಡಿಸೆಂಬರ್, ಭಾನುವಾರ. ಬೆಳಿಗ್ಗೆ ಏಳು

ಎಂಟೂ ಇಪ್ಪತ್ತಕ್ಕೆ ರೈಲು. ಅವನು ದಣಿಯುವ ಮೊದಲು ಹೇಳಿ ಮುಗಿಸಬೇಕು. ಇಲ್ಲಿ ಬರೆದು ನೋಡುತ್ತೇನೆ.

ಅಲುನ್, ನನಗೆ ತಿಳಿದಿದ್ದರೆ — ಬೇಡ. ಸಮಜಾಯಿಷಿ.

ಅಲುನ್, ನಾನು ಓದಿದ್ದು ಕಥೆಯನ್ನ — ಇದೂ ಬೇಡ.

ಅಲುನ್, ಇನ್ನು ನಾನು ಇಲ್ಲೇ ಇರ್ತೀನಿ. ಬ್ಯಾಗು ತಂದಿದೀನಿ.

ಇದು ಸರಿ. ಇದಕ್ಕೆ ಇನ್ನೊಂದೇ ಮಾತು ಸೇರಿಸಬೇಕು, ಯಾವತ್ತೋ ಹೇಳಬೇಕಿದ್ದ...

ಫೋನ್. ಸ್ವಾನ್ಸಿಯ ನಂಬರು. ನೆರಿಸ್ ಇಷ್ಟು ಬೇಗ ಏಳುವವರಲ್ಲ —